ಹುಲಿಯುಗುರು, ತಾಯಿತ, ಬಜೆ ಬಳೆ: ಮಕ್ಕಳನ್ನ ಕಾಯೋ ಒಡವೆಗಳ ಕಥೆ

ನಮ್ ಸಕಲೇಶಪುರ, ಆಲೂರು ಕಡೆ ಹಳೇ ಮನೆಗಳ ಒಡವೆ ಪೆಟ್ಟಿಗೇಲಿ ಎರಡು ಥರದ ಒಡವೆ ಇರ್ತವೆ. ಒಂದು ನಾಕು ಜನ ನೋಡ್ಲಿ ಅಂತ ಹಾಕೋದು. ಕಾಸಿನ ಸರ, ಅಡ್ಡಿಕೆ, ಕಟ್ಟಾಣಿ, ಬುಗುಡಿ, ವಂಕಿ ಎಲ್ಲ ಈ ಲೆಕ್ಕಕ್ಕೆ ಬರ್ತವೆ. ಇನ್ನೊಂದು ಯಾರ ಕಣ್ಣೂ ಬೀಳದೆ ಇರ್ಲಿ ಅಂತ ಹಾಕೋದು. ಕೂಸಿನ ಸೊಂಟದ ಉಡಿದಾರ, ಅದಕ್ಕೆ ಪೋಣಿಸಿದ ತಾಯಿತ, ಕೈಗೆ ಕರಿಬಳೆ, ಬಜೆ ಬೇರಿನ ಬಳೆ, ಕಾಲಿಗೆ ಬೆಳ್ಳಿ ಕಡಗ, ಕೊರಳಿಗೆ ಬಂಗಾರ ಕಟ್ಟಿಸಿದ ಹುಲಿಯುಗುರು. ಮೊದಲನೇ ಥರದ ಒಡವೆ ಮದುವೆ ಮನೇಲಿ ಎಲ್ಲಾರೂ ಮುಟ್ಟಿ ಮುಟ್ಟಿ ನೋಡ್ತಾರೆ, ಎಷ್ಟು ಗ್ರಾಂ ಅಂತ ಕೇಳ್ತಾರೆ. ಎರಡನೇದರ ಕಥೆ ಯಾರೂ ಕೇಳಲ್ಲ. ಇವತ್ತು ಅದನ್ನೇ ಬರೀತೀನಿ.

ಮೊದಲು ಒಂದು ಮಾತು. ಈ ಒಡವೆಗಳು ನಿಜವಾಗ್ಲೂ ಕಾಯ್ತವಾ ಅಂತ ಕೇಳಿದ್ರೆ ನಾನು ವಾದಕ್ಕೆ ಬರಲ್ಲ. ಆದ್ರೆ ಅವ್ನ ಕಟ್ಟಿದ ಹೆಂಗಸ್ರು ದಡ್ಡಿಯರಾಗಿದ್ರು ಅಂತ ಯಾರಾದ್ರೂ ಅಂದ್ರೆ ನಂಗೆ ಸಿಟ್ಟು ಬರ್ತದೆ. ಸ್ವಾತಂತ್ರ್ಯ ಬಂದಾಗ ನಮ್ ದೇಶದ ಜನರ ಸರಾಸರಿ ಆಯಸ್ಸು 32 ವರ್ಷದ ಆಸುಪಾಸು ಇತ್ತು. ಅಂದ್ರೆ ಎಲ್ಲಾರೂ 32ಕ್ಕೇ ಸಾಯ್ತಿದ್ರು ಅಂತಲ್ಲ. ಹುಟ್ಟಿದ ಮಕ್ಕಳಲ್ಲಿ ಅಷ್ಟೊಂದು ಮಕ್ಕಳು ಚಿಕ್ಕದ್ರಲ್ಲೇ ಹೋಗಿಬಿಡ್ತಿದ್ವು, ಸರಾಸರಿ ಅಷ್ಟು ಕೆಳಗೆ ಬರ್ತಿತ್ತು. ಅದ್ರಲ್ಲೂ ಮಲೆನಾಡು ಅಂದ್ರೆ ಚಳಿಜ್ವರದ ಸೀಮೆ. ಬಯಲುಸೀಮೆಯವರು ಇತ್ತ ಕಡೆ ಹೆಣ್ಣು ಕೊಡೋಕೂ ಹಿಂದೆಮುಂದೆ ನೋಡ್ತಿದ್ರು. 1953ರಲ್ಲಿ ದೇಶಕ್ಕೆಲ್ಲ ಮಲೇರಿಯಾ ಕಾರ್ಯಕ್ರಮ ಶುರುವಾಗಿ ಮನೆಮನೆಗೆ ಡಿಡಿಟಿ ಹೊಡೆಯೋಕೆ ಬಂದ ಮೇಲೇನೆ ಆ ಜ್ವರ ತಗ್ಗಿದ್ದು.

ನಮ್ ಮನೆಯವರ ಅಜ್ಜಿಗೆ ಒಂಬತ್ತು ಹೆರಿಗೆ. ಉಳಿದಿದ್ದು ನಾಲ್ಕು. ಐದು ಮಕ್ಕಳನ್ನ ಮಣ್ಣಿಗೆ ಕೊಟ್ಟ ತಾಯಿ ಆರನೇ ಕೂಸಿಗೆ ದಾರ ಕಟ್ಟದೆ ಇನ್ನೇನು ಮಾಡ್ಬೇಕಿತ್ತು ಹೇಳಿ. ಡಾಕ್ಟ್ರು ಇಲ್ಲ, ರಸ್ತೆ ಇಲ್ಲ, ಮಳೆಗಾಲದಲ್ಲಿ ಹಳ್ಳ ದಾಟೋಕೆ ಸಂಕವೂ ಇಲ್ಲ. ಕೈಗೆ ಸಿಕ್ಕಿದ್ದು ದಾರ, ಬೇರು, ಬೆಳ್ಳಿ, ಉಗುರು. ಮಕ್ಕಳು ಉಳೀದೇ ಇದ್ದ ಮನೇಲಿ ಮುಂದಿನ ಕೂಸನ್ನ ತಿಪ್ಪೆ ಮೇಲೆ ಹೊರಳಿಸಿ ತಿಪ್ಪಯ್ಯ, ತಿಪ್ಪಮ್ಮ ಅಂತ ಹೆಸರಿಡ್ತಿದ್ರು. ಕಲ್ಲಪ್ಪ, ಗುಂಡಪ್ಪ ಅಂತಲೂ ಇಡೋರು. ಯಮನಿಗೆ ಈ ಕೂಸು ಬೇಡದ ಕಸ ಅಂತ ಕಾಣ್ಲಿ, ಬಿಟ್ಟು ಹೋಗ್ಲಿ ಅಂತ. ಹೆಸರೇ ಒಂದು ತಾಯಿತ ಆಗಿತ್ತು ಅನ್ನಿ.

ಈಗ ಒಂದೊಂದಾಗಿ ನೋಡಾಣ.

ಬಜೆ ಎಲ್ಲಾರಿಗೂ ಗೊತ್ತು. ಗದ್ದೆ ಬದಿ ತೇವದಲ್ಲಿ ಬೆಳೆಯೋ ಗಿಡದ ಬೇರು. ಘಾಟು ವಾಸನೆ. ಒಣಗಿದ ಬೇರನ್ನ ಚಿಕ್ಕ ಚಿಕ್ಕದಾಗಿ ಕೊಯ್ದು, ತೂತು ಮಾಡಿ, ಕರಿದಾರದಲ್ಲಿ ಪೋಣಿಸಿ ಕೈಗೆ ಕಟ್ತಾರೆ. ಮಧ್ಯೆ ಕರಿಮಣಿ, ಬಿಳೀ ಚುಕ್ಕೆ ಇರೋ ದೃಷ್ಟಿಮಣಿ. ಇದು ಬಡವರ ಮನೇಲೂ ಇತ್ತು, ಸಾಹುಕಾರ್ರ ಮನೇಲೂ ಇತ್ತು. ಖರ್ಚಿಲ್ಲ, ಕಳೆದ್ರೂ ದುಃಖ ಇಲ್ಲ.

ತಾಯಿತ ಅಂದ್ರೆ ಬೆಳ್ಳೀದೋ ತಾಮ್ರದ್ದೋ ಒಂದು ಸಣ್ಣ ಕೊಳವೆ. ಎರಡೂ ತುದೀಲಿ ಮುಚ್ಚಳ, ಮೇಲೆ ದಾರ ಪೋಣಿಸೋಕೆ ಕಿವಿ. ಒಳಗೆ ತೆಳ್ಳನೆ ತಾಮ್ರದ ತಗಡಿನ ಮೇಲೆ ಬೀಜಾಕ್ಷರ ಬರೆದು, ಸುರುಳಿ ಸುತ್ತಿ ಇಟ್ಟು, ಅರಗಿನಿಂದಲೋ ಮೇಣದಿಂದಲೋ ಬಾಯಿ ಮುಚ್ತಾರೆ. ಪೂಜಾರ್ರೂ ಕಟ್ಟಿಕೊಡ್ತಾರೆ, ದರ್ಗಾದ ಸಾಹೇಬ್ರೂ ಕಟ್ಟಿಕೊಡ್ತಾರೆ. ನಮ್ ಕಡೆ ಹೆಂಗಸ್ರು ಕೂಸಿನ ವಿಷಯದಲ್ಲಿ ಯಾವ ಬಾಗ್ಲಾದ್ರೂ ತಟ್ಟಿಬಿಡ್ತಿದ್ರು. ಅರಬ್ಬಿ ಭಾಷೇಲಿ ರಕ್ಷೆ ಕೋರೋದಕ್ಕೆ ಇರೋ ಮಾತಿಂದ ‘ತಾವೀಜ್’ ಅನ್ನೋದು ಬಂದಿದ್ದು, ನಮ್ ತಾಯಿತಕ್ಕೂ ಅದಕ್ಕೂ ನಂಟು ಅಂತಾರೆ. ಬಾಬಾ ಬುಡನ್ ಯೆಮೆನ್ನಿನಿಂದ ಏಳು ಕಾಫಿ ಬೀಜ ತಂದ ಕಥೆ ಗೊತ್ತಲ್ಲ. ನಾವು ಬೆಳಗ್ಗೆ ಎದ್ದು ಕುಡಿಯೋ ಕಾಫಿ, ಕೂಸಿನ ಸೊಂಟದ ತಾಯಿತ ಎರಡಕ್ಕೂ ಅರಬ್ಬಿ ಕಡೆ ನೆಂಟಸ್ತಿಕೆ ಅಂತ ಆಯ್ತು.

ಲಿಂಗಾಯತರ ಮನೆಗಳಲ್ಲಿ ಬೆಳ್ಳಿ ಕರಡಿಗೆ ಇರ್ತದೆ. ನೋಡೋಕೆ ಇದೂ ತಾಯಿತದ ಹಂಗೆ ಮುಚ್ಚಳ ಇರೋ ಒಡವೆ, ಕೊರಳಿಗೆ ಕಟ್ಟೋದು. ಆದ್ರೆ ಅದನ್ನ ಈ ಸಾಲಿಗೆ ಸೇರಿಸಬಾರದು. ಅದ್ರೊಳಗಿರೋದು ಇಷ್ಟಲಿಂಗ. ದಿನಾ ತೆಗೆದು ಪೂಜೆ ಮಾಡೋದು. ತಾಯಿತ ಒಂದ್ಸಲ ಮುಚ್ಚಿದ್ರೆ ಮುಗೀತು, ತೆಗೆಯೋ ಹಂಗಿಲ್ಲ.

ಇನ್ನು ಬೆಳ್ಳಿ. ಹಳೇ ಕಾಲದ ಬೆಳ್ಳಿ ಒಡವೆಗೆ ಬೆಳ್ಳಿ ಎಲ್ಲಿಂದ ಬರ್ತಿತ್ತು ಅಂದ್ರೆ, ಬಹಳ ಸಲ ರೂಪಾಯಿಂದಲೇ. ಬ್ರಿಟಿಷರ ಕಾಲದ ಒಂದು ರೂಪಾಯಿ ಅಂದ್ರೆ ಒಂದು ತೊಲ ತೂಕ, ಹತ್ತಿರತ್ತಿರ 11.66 ಗ್ರಾಂ. ಅದ್ರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. 1940ರಲ್ಲಿ ಯುದ್ಧದ ಕಾಲದಲ್ಲಿ ಅದನ್ನ ಅರ್ಧಕ್ಕೆ ಇಳಿಸಿದ್ರು. 1947ರಿಂದ ನಿಕ್ಕಲ್ ರೂಪಾಯಿ ಬಂತು. ಅದಕ್ಕೇ ಹಳಬರು ರಾಣಿ ರೂಪಾಯಿ, ರಾಜನ ರೂಪಾಯಿ ಅಂತ ಬೇರೆ ಎತ್ತಿಡ್ತಿದ್ರು. ಕೂಸು ಹುಟ್ಟಿದ್ರೆ ನಾಲ್ಕು ರೂಪಾಯಿ ಆಚಾರ್ರ ಕೈಗೆ ಕೊಟ್ರೆ ಕಾಲ್ಕಡಗ ಆಗ್ತಿತ್ತು.

ಇದನ್ನೆಲ್ಲ ಬರೀತಾ ಇರೋವಾಗ ನನ್ ಮಗಳು ಫೋನಲ್ಲಿ ತುರ್ಕ್‌ಮೆನ್ ಅನ್ನೋ ಜನರ ಒಡವೆ ತೋರಿಸಿದ್ಳು. ರಷ್ಯಾದ ಕೆಳಗೆ, ಇರಾನಿನ ಮೇಲೆ ಇರೋ ಮರಳುಗಾಡಿನ ಸೀಮೆ ಅವ್ರದ್ದು. ಕುರಿ ಕುದುರೆ ಕಟ್ಕೊಂಡು ಡೇರೆಗಳಲ್ಲಿ ಬದುಕ್ತಿದ್ದ ಜನ. ಚಿತ್ರ ನೋಡಿ ನಂಗೆ ಆಶ್ಚರ್ಯ ಆಯ್ತು. ಅಂಗೈಯಗಲ ಬೆಳ್ಳಿ ಪದಕ, ಅದ್ರ ತುಂಬ ಕೆಂಪು ಕಲ್ಲು, ಕೆಳಗೆ ಗೆಜ್ಜೆ ಸಾಲು. ಅದ್ರ ಮಧ್ಯೆ ಒಂದು ಕೊಳವೆ. ನಮ್ ತಾಯಿತವೇ! ಗಾತ್ರ ಮಾತ್ರ ನಮ್ ಲಟ್ಟಣಿಗೆಯಷ್ಟು. ಅದಕ್ಕೆ ತುಮಾರ್ ಅಂತಾರೆ. ಒಳಗೆ ಪ್ರಾರ್ಥನೆ ಬರೆದ ಕಾಗದ ಸುರುಳಿ ಮಾಡಿ ಇಡೋದು. ಅವ್ರೂ ಬೆಳ್ಳಿ ನಾಣ್ಯ ಕರಗಿಸೇ ಒಡವೆ ಮಾಡ್ತಿದ್ರಂತೆ. ಬಜೆ ಬೇರಿನ ಬದಲು ಅವ್ರಿಗೆ ದಗ್ದಾನ್ ಅನ್ನೋ ಮರದ ತುಂಡು. ಅದನ್ನ ಕೆತ್ತಿ ಮಕ್ಕಳ ಬಟ್ಟೆಗೆ ಹೊಲೀತಿದ್ರು. ಇನ್ನೊಂದು ಸಂಗತಿ ಕೇಳಿ. ಅಲ್ಲಿ ಕೂಸಿನ ಅಂಗಿಯ ಅಂಚು ಮಡಚಿ ಹೊಲೀತಿರಲಿಲ್ಲ. ಹಂಗೇ ಬಿಡ್ತಿದ್ರು. ಹೊಲಿಗೆ ಮುಗಿದ್ರೆ ಕೂಸಿನ ಆಯಸ್ಸೂ ಅಲ್ಲಿಗೇ ನಿಂತೀತು ಅನ್ನೋ ಅಂಜಿಕೆ. ಎಲ್ಲಿಯ ಮರಳುಗಾಡು, ಎಲ್ಲಿಯ ನಮ್ ಬಿಸ್ಲೆ ಕಾಡು. ತಾಯಂದಿರ ಅಂಜಿಕೆ ಮಾತ್ರ ಒಂದೇ ಥರ.

ಆ ಕೆಂಪು ಕಲ್ಲಿನ ಜಾತಿಯದು ನಮ್ ದೇಶದಲ್ಲೂ ಇದೆ. ಗುಜರಾತಿನ ಖಂಭಾತ್ ಊರು ಆ ಕಲ್ಲಿನ ಮಣಿಗೆ ನೂರಾರು ವರ್ಷದಿಂದ ಹೆಸರುವಾಸಿ. ಅಲ್ಲಿಂದ ಅರಬ್ ದೇಶಕ್ಕೆ, ಆಫ್ರಿಕಾಕ್ಕೆ ಹಡಗಲ್ಲಿ ಹೋಗ್ತಿತ್ತು. ಇನ್ನೂ ಹಿಂದೆ, ಸಿಂಧೂ ನದಿ ಕಡೆಯವರು ಮಾಡಿದ ಕೆಂಪು ಮಣಿ ಇರಾಕಿನ ಊರ್ ಅನ್ನೋ ಪಟ್ಟಣದ ಸಮಾಧಿಗಳಲ್ಲಿ ಸಿಕ್ಕಿವೆ. ಅದು ನಾಲ್ಕು ಸಾವಿರ ವರ್ಷಕ್ಕೂ ಹಳೇ ಮಾತು.

ನಮ್ ಲಂಬಾಣಿ ಹೆಂಗಸ್ರನ್ನೂ ಇಲ್ಲಿ ನೆನೀಬೇಕು. ಅರಸೀಕೆರೆ ಕಡೆ ತಾಂಡಾಗಳಲ್ಲಿ ವಯಸ್ಸಾದವರ ಮೈಮೇಲೆ ಕನ್ನಡಿ, ಕವಡೆ, ಹಳೇ ನಾಣ್ಯ ಹೊಲಿದ ರವಿಕೆ, ಕೆನ್ನೆ ಪಕ್ಕ ಜೋತಾಡೋ ಬೆಳ್ಳಿ ಗೊಂಚಲು ನೋಡಿರ್ತೀರಿ. ಆ ಕನ್ನಡಿ ಬರೀ ಅಂದಕ್ಕಲ್ಲ. ಕೆಟ್ಟ ಕಣ್ಣು ಬಿದ್ರೆ ಅದ್ರಲ್ಲಿ ತನ್ನನ್ನೇ ನೋಡ್ಕೊಂಡು ವಾಪಸ್ ಹೋಗ್ಲಿ ಅಂತ.

ಈಗ ಹುಲಿಯುಗುರಿಗೆ ಬರಾಣ. ಇದೇ ದೊಡ್ಡ ಕಥೆ.

ಮಕ್ಕಳ ಕೊರಳಿಗೆ ಹುಲಿಯುಗುರು ಕಟ್ಟೋದು ನಿನ್ನೆ ಮೊನ್ನೆಯದಲ್ಲ. ಸಂಸ್ಕೃತದಲ್ಲಿ ಅದಕ್ಕೆ ವ್ಯಾಘ್ರನಖ ಅಂತಾರೆ. ಗುಪ್ತರ ಕಾಲದ, ಅಂದ್ರೆ ಹತ್ತಿರತ್ತಿರ 1500 ವರ್ಷ ಹಿಂದಿನ ಕಾರ್ತಿಕೇಯನ ಮೂರ್ತಿಗಳ ಕೊರಳಲ್ಲಿ ಹುಲಿಯುಗುರಿನ ಸರ ಕೆತ್ತಿದ್ದಾರೆ. ಅವನು ಬಾಲದೇವರು, ಅದಕ್ಕೆ. ತಮಿಳು ಸೀಮೇಲಿ ಇನ್ನೊಂದು ಥರ. ವಿಷ್ಣುವಿನ ಶಂಖ, ಚಕ್ರ, ಗದೆ, ಕತ್ತಿ, ಬಿಲ್ಲು ಐದನ್ನೂ ಚಿಕ್ಕದಾಗಿ ಮಾಡಿಸಿ ಕೂಸಿನ ಕೊರಳಿಗೆ ಕಟ್ತಿದ್ರು. ಅದಕ್ಕೆ ಐಂಪಡೈತ್ತಾಲಿ ಅಂತ ಹೆಸರು. ಲೆಕ್ಕ ಒಂದೇ. ಆಯುಧ ಹಿಡಿಯೋಕೆ ಬರದ ಕೂಸಿಗೆ ಆಯುಧ ಕಟ್ಟಿಬಿಡೋದು.

ನಮ್ ಜಿಲ್ಲೆಗೂ ಹುಲಿಗೂ ನಂಟು ಹಳೇದು. ಹೊಯ್ಸಳರ ಕಥೆ ಶುರುವಾಗೋದೇ ಹುಲಿಯಿಂದ. ಮೂಡಿಗೆರೆ ತಾಲ್ಲೂಕಿನ ಅಂಗಡಿ ಊರಲ್ಲಿ ಗುರುಗಳು ‘ಹೊಯ್ ಸಳ’ ಅಂದ್ರಂತೆ, ಸಳ ಹುಲಿಯನ್ನ ಹೊಡೆದನಂತೆ. 1117ರಲ್ಲಿ ಆದ ಬೇಲೂರು ಗುಡಿ ಬಾಗಿಲಲ್ಲಿ ಆ ಮೂರ್ತಿ ಇದೆ. ನೋಡಿದ್ರೆ ಪ್ರಾಣಿ ಹುಲಿಗಿಂತ ಸಿಂಹದ ಹಂಗೇ ಕಾಣ್ತದೆ, ಅದು ಬೇರೆ ಮಾತು. 1792ರಲ್ಲಿ ಟಿಪ್ಪು ಕಟ್ಟಿಸಿದ ಮಂಜರಾಬಾದ್ ಕೋಟೆಯಂತೂ ನಮ್ ಊರ ಬಾಗಿಲಲ್ಲೇ ಇದೆ. ಅವನ ಗುರುತೂ ಹುಲಿಯೇ. ಪಕ್ಕದ ಕೊಡಗಿನಲ್ಲಿ ಹುಲಿ ಹೊಡೆದವನಿಗೆ ಮದುವೆ ಗಂಡಿನ ಹಂಗೆ ಸಿಂಗಾರ ಮಾಡಿ ಕೂರಿಸಿ ನರಿಮಂಗಲ ಅಂತ ಮಾಡ್ತಿದ್ರು. ಅವ್ರ ಮಾತಲ್ಲಿ ನರಿ ಅಂದ್ರೆ ಹುಲಿ.

1856ರ ಹೊತ್ತಿಗೆ ಮಂಜರಾಬಾದಿಗೆ ಬಂದು ಕಾಫಿ ಹಾಕಿದ ಇಂಗ್ಲಿಷಿನವರಲ್ಲಿ ರಾಬರ್ಟ್ ಎಲಿಯಟ್ ಅನ್ನೋವ್ರು ಒಬ್ರು. 1894ರಲ್ಲಿ ಮೈಸೂರು ಸೀಮೆಯ ಚಿನ್ನ, ಬೇಟೆ, ಕಾಫಿ ತೋಟ ಅಂತ ಒಂದು ದೊಡ್ಡ ಪುಸ್ತಕ ಬರೆದ್ರು. ಕಾಫಿಯಷ್ಟೇ ಹುಲಿಯೂ ಆ ಪುಸ್ತಕದಲ್ಲಿದೆ. ಆ ಕಾಲದಲ್ಲಿ ಹುಲಿ ಹೊಡೆದ್ರೆ ಶಿಕ್ಷೆ ಇಲ್ಲ, ಇನಾಮು. ದನ ಹೊತ್ತೊಯ್ಯೋ ಹುಲಿಗೆ ಊರೆಲ್ಲ ಸೇರಿ ಬೇಟೆ ಹೋಗೋದು. ಹುಲಿ ಬಿದ್ರೆ ಚರ್ಮ ದೊರೆಗೋ ಸಾಹುಕಾರ್ರಿಗೋ. ಉಗುರು ಮಾತ್ರ ಮನೆಮನೆಗೆ ಹಂಚಿಕೆ ಆಗ್ತಿತ್ತು. ಒಂದು ಹುಲಿಗೆ 18 ಉಗುರು: ಮುಂದಿನ ಒಂದೊಂದು ಕಾಲಿಗೆ ಐದು, ಹಿಂದಿನ ಒಂದೊಂದು ಕಾಲಿಗೆ ನಾಲ್ಕು. ಹಂಗೆ ಬಂದ ಉಗುರಿಗೆ ಆಚಾರ್ರು ಬುಡಕ್ಕೆ ಬಂಗಾರದ ಟೋಪಿ ಹಾಕಿ, ಎರಡು ಉಗುರು ಎದುರುಬದುರು ಇಟ್ಟು, ಚಂದ್ರನ ಆಕಾರ ಬರೋ ಹಂಗೆ ಕಟ್ಟಿಕೊಡ್ತಿದ್ರು. ಹುಲಿಯುಗುರು ಇದ್ರೆ ಕೂಸು ಬೆಚ್ಚಲ್ಲ ಅನ್ನೋರು.

ನಮ್ ಮನೇಲೂ ಒಂದಿತ್ತು. ಅಜ್ಜಿ ತವರಿಂದ, ಬಿಸ್ಲೆ ಕಡೆಯಿಂದ ತಂದಿದ್ದು. ಅದು ಯಾರ ಸ್ವಂತದ್ದೂ ಅಲ್ಲ. ಯಾರ ಮನೇಲಿ ಕೂಸು ಹುಟ್ಟಿದ್ರೆ ಅಲ್ಲಿಗೆ ಹೋಗೋದು. ಒಂದು ವರ್ಷ ತುಂಬಿದ ಮೇಲೆ ಅರಿಶಿನ ನೀರಲ್ಲಿ ತೊಳೆದು, ಬಟ್ಟೇಲಿ ಸುತ್ತಿ ವಾಪಸ್ ದೊಡ್ಡಮನೆಗೆ. ನಮ್ ಮನೆಯವರೂ ಹಾಕಿದ್ರು, ನಾದಿನಿಯರೂ ಹಾಕಿದ್ರು, ನನ್ನ ಎರಡು ಮಕ್ಕಳೂ ಹಾಕಿದ್ವು.

1972ರಲ್ಲಿ ವನ್ಯಜೀವಿ ಕಾಯಿದೆ ಬಂತು. ಆ ವರ್ಷ ದೇಶದಲ್ಲೆಲ್ಲ ಎಣಿಸಿದ್ರೆ ಸಿಕ್ಕಿದ್ದು 1,827 ಹುಲಿ ಮಾತ್ರ. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲ ಒಂಬತ್ತರಲ್ಲಿ ನಮ್ ಬಂಡೀಪುರವೂ ಇತ್ತು. ಹುಲಿ ಚರ್ಮ, ಹಲ್ಲು, ಉಗುರು ಇಟ್ಕೊಂಡಿರೋರು ಸರ್ಕಾರಕ್ಕೆ ತಿಳಿಸಿ ಪತ್ರ ಮಾಡಿಸ್ಕೋಬೇಕು ಅಂತ ಆವಾಗಲೇ ಆಯ್ತು. 2003ರಲ್ಲಿ ಇನ್ನೊಂದ್ಸಲ ಅವಕಾಶ ಕೊಟ್ರು. ಹಿರಿಯರಿಂದ ಬಂದಿದ್ದಾದ್ರೂ 90 ದಿನದೊಳಗೆ ತಿಳಿಸಬೇಕು ಅನ್ನೋದೂ ಕಾನೂನಲ್ಲಿದೆ. ಆದ್ರೆ ಪೇಟೆ ಕಾಗದ ತೋಟದ ಮನೆಗೆ ಬರ್ತಿತ್ತಾ? ಬಂದ್ರೂ ಅದನ್ನ ಓದಿ ಅಜ್ಜಿಗೆ ಹೇಳೋರು ಯಾರು? ಕೂಸಿನ ಉಗುರಿನ ಸರಕ್ಕೂ ದೆಹಲಿ ಕಾನೂನಿಗೂ ಸಂಬಂಧ ಅಂತ ಯಾರಿಗೂ ಹೊಳೀಲಿಲ್ಲ.

2023ರ ಅಕ್ಟೋಬರಿನಲ್ಲಿ ಬಿಗ್ ಬಾಸ್ ಮನೇಲಿದ್ದ ಒಬ್ರನ್ನ ಕೊರಳ ಹುಲಿಯುಗುರಿಗೆ ಅರಣ್ಯ ಇಲಾಖೆಯವರು ಹಿಡ್ಕೊಂಡು ಹೋದ್ರಲ್ಲ, ಆವಾಗ ಮಲೆನಾಡಿಗೆಲ್ಲ ಗಾಬರಿ. ಸಿನಿಮಾದವರ ಮನೆಗೂ ಹೋಗಿ ನೋಡಿದ್ರು. ಮೂರರಿಂದ ಏಳು ವರ್ಷ ಜೈಲಂತೆ ಅಂತ ಟೀವೀಲಿ ದಿನಾ ಅದೇ. ನಮ್ ಹೆಂಗಸ್ರ ಫೋನು ಬಿಡುವಿಲ್ಲದೆ ಹೊಡ್ಕೊಳ್ತಿದ್ವು. ಮದುವೆ ಫೋಟೋ, ನಾಮಕರಣದ ಫೋಟೋ ಎಲ್ಲ ಗೋಡೆಯಿಂದ ಇಳಿಸಿದೋರೂ ಇದ್ದಾರೆ. 2024ರ ಆರಂಭದಲ್ಲಿ ಸರ್ಕಾರ ಮೂರು ತಿಂಗಳ ಗಡುವು ಕೊಟ್ಟು, ಇರೋದನ್ನ ತಂದೊಪ್ಪಿಸಿ ಅಂತು.

ನಮ್ ಮನೇಲಿ ಪಂಚಾಯ್ತಿ ಕೂತ್ರು. ನಮ್ ಮೈದುನ, ‘ರಾತ್ರಿ ಹೊಳೆಗೆ ಬಿಸಾಕಿ ಬರ್ತೀನಿ, ಹೇಮಾವತಿ ಯಾರಿಗೂ ಹೇಳಲ್ಲ’ ಅಂದ. ನಾದಿನಿ, ಬಾಳೆ ಬುಡದಲ್ಲಿ ಹೂಳಿ ಅಂದ್ಳು. ನಮ್ಮತ್ತೆಗೆ 84 ವರ್ಷ. ಎಲ್ಲಾರ ಮಾತೂ ಕೇಳಿ, ‘ಕದ್ದಿದ್ದಲ್ಲ ಕಣಪ್ಪ ಅದು. ಕಳ್ಳರ ಹಂಗೆ ಯಾಕೆ ಬಿಸಾಕ್ಬೇಕು? ನಮ್ ಅತ್ತೆ ಬೆಳಕಲ್ಲಿ ತಂದಿದ್ದು, ಬೆಳಕಲ್ಲೇ ಹೋಗ್ಲಿ’ ಅಂದ್ರು. ಆಮೇಲೆ ನನ್ ಕಡೆ ತಿರುಗಿ, ‘ಅಲ್ವೇನಮ್ಮ, ಆ ಹುಲಿಗೂ ಮರಿ ಇದ್ದಿದ್ದೀತು’ ಅಂದ್ರು. ಅದಾದ್ಮೇಲೆ ಯಾರೂ ಮಾತಾಡಲಿಲ್ಲ. ಗಡುವು ಮುಗಿಯೋಕೆ ಮುಂಚೆ, ಬಂಗಾರದ ಟೋಪಿ ಸಮೇತ ತಗೊಂಡೋಗಿ ಒಪ್ಪಿಸಿ, ರಶೀದಿ ತಂದ್ವಿ. ಅತ್ತೆ ಅದ್ರ ಕರಿದಾರ ಮಾತ್ರ ಬಿಚ್ಚಿ ಇಟ್ಕೊಂಡ್ರು.

ಬೇಜಾರಾಗಲಿಲ್ವಾ ಅಂದ್ರೆ, ಆಯ್ತು. ಐದಾರು ಗ್ರಾಂ ಬಂಗಾರಕ್ಕಲ್ಲ. ಆದ್ರೆ ಒಂದು ಲೆಕ್ಕ ನೋಡಿ. ಉಗುರು ಅಂದ್ರೆ ಬೇರೇನಲ್ಲ, ನಮ್ ಬೆರಳಿನ ಉಗುರು ಯಾವುದರಿಂದ ಆಗಿದೆಯೋ ಅದೇ ಪದಾರ್ಥ. ಅದಕ್ಕೆ ಬೆಲೆ ಬಂದಿದ್ದಕ್ಕೇ ಎಷ್ಟೋ ಹುಲಿ ಸತ್ವು. 2022ರ ಎಣಿಕೇಲಿ ನಮ್ ರಾಜ್ಯದಲ್ಲಿ 563 ಹುಲಿ ಇವೆ, ದೇಶದಲ್ಲಿ ಮಧ್ಯಪ್ರದೇಶ ಬಿಟ್ರೆ ನಮ್ಮದೇ ಹೆಚ್ಚು. ಕಾಯಿದೆ ಇಲ್ದಿದ್ರೆ ಇಷ್ಟು ಉಳೀತಿರಲಿಲ್ಲ. ಹುಲಿಗೆ ಹೆದರಿದ ಕಾಲದಲ್ಲಿ ಹುಲಿಯುಗುರು ಕೂಸಿನ ಕಾವಲು. ಹುಲಿಯೇ ಕೂಸಿನ ಹಂಗೆ ಆದಾಗ ಅದರ ಕಾವಲು ನಾವು.

ತುರ್ಕ್‌ಮೆನ್ ಒಡವೆ ಅಂದ್ನಲ್ಲ, ಅದ್ರ ಕೊನೇ ಕಥೆ ಕೇಳಿ. ಅಲ್ಲಿ ಮದುವಣಗಿತ್ತಿ ಕಿಲೋಗಟ್ಟಲೆ ಬೆಳ್ಳಿ ಹಾಕ್ತಿದ್ಳು. ಮಕ್ಕಳಾಗಿ ವಯಸ್ಸಾದ ಹಂಗೆ ಒಂದೊಂದೇ ಕಳಚಿ ಹೆಣ್ಣುಮಕ್ಕಳಿಗೆ ಕೊಡ್ತಿದ್ಳು. 1920, 30ರ ದಶಕದಲ್ಲಿ ರಷ್ಯಾದ ಸರ್ಕಾರ ಅವ್ರ ಕುರಿ ಮಂದೆ ಕಿತ್ಕೊಂಡು, ಅಲೆಮಾರಿ ಬದುಕು ಬಿಡಿಸಿ, ಬರಗಾಲವೂ ಬಂದಾಗ ಆ ಒಡವೆ ಮಾರಿ ಹೊಟ್ಟೆ ಹೊರೆದ್ರು. ಈಗ ಅವು ದೊಡ್ಡ ದೊಡ್ಡ ಮ್ಯೂಸಿಯಂಗಳಲ್ಲಿ ಇವೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2012ರಲ್ಲಿ ಅವ್ನ ಪ್ರದರ್ಶನವನ್ನೇ ಮಾಡ್ತು. ಚೀಟೀಲಿ ಇಂಥಾ ಕುಲದ್ದು, ಇಂಥಾ ಶತಮಾನದ್ದು ಅಂತ ಇರ್ತದೆ. ಯಾವ ತಾಯಿ ಮಾಡಿಸಿದ್ದು, ಯಾವ ಕೂಸು ಹಾಕಿದ್ದು ಅಂತ ಇರಲ್ಲ. ಅವ್ರಿಗೆ ಒಡವೆ ಉಳೀತು, ಹೆಸರು ಹೋಯ್ತು.

ನಮ್ಮಲ್ಲಿ ಉಗುರು ಹೋಯ್ತು. ಹೆಸರಾದ್ರೂ ಉಳೀಲಿ ಅಂತ ಅತ್ತೆ ಪಕ್ಕ ಕೂತು ಬರ್ಕೊಂಡೆ. ಅಜ್ಜಿಯ ಒಂಬತ್ತು ಮಕ್ಕಳಿಂದ ಶುರು. ಉಳಿದ ನಾಲ್ಕು, ಹೋದ ಐದು. ಹೋದವುಗಳಲ್ಲಿ ಎರಡಕ್ಕೆ ಹೆಸರೇ ಇಟ್ಟಿರಲಿಲ್ವಂತೆ. ‘ಮಗ’, ‘ಪಾಪು’ ಅಂತಲೇ ಬರೆದೆ. ಒಟ್ಟು 23 ಮಕ್ಕಳು ಆ ಸರ ಹಾಕಿದ್ದಾರೆ. ಆ ಹಾಳೆ ಈಗ ರಶೀದಿ ಜೊತೆ ಬೀರುವಲ್ಲಿದೆ.

ಮನೇಲಿ ಇಂಥ ಹಳೇ ಒಡವೆ ಇರೋರಿಗೆ ನಾಲ್ಕು ಮಾತು. ಹುಲಿ, ಚಿರತೆ ಉಗುರೋ, ಜಿಂಕೆ ಕೊಂಬೋ, ಆನೆ ದಂತವೋ ಇದ್ರೆ ಮಾರೋಕೂ ಹೋಗ್ಬೇಡಿ, ಯಾರಿಗೂ ಉಡುಗೊರೆ ಕೊಡಕ್ಕೂ ಹೋಗ್ಬೇಡಿ. ಹಳೇ ಪತ್ರ ಇದೆಯಾ ಹುಡುಕಿ. ಇಲ್ಲದಿದ್ರೆ ತಿಳಿದ ವಕೀಲರನ್ನೋ ವಲಯ ಅರಣ್ಯ ಕಚೇರೀಲೋ ಕೇಳಿ ಮುಂದುವರೀರಿ. ಸಂತೇಲಿ ಮಾರೋ ಉಗುರಿನಲ್ಲಿ ಬಹಳಷ್ಟು ದನದ ಕೊಂಬಲ್ಲೋ ಪ್ಲಾಸ್ಟಿಕ್ಕಲ್ಲೋ ಮಾಡಿದ್ದು. ಅದನ್ನೂ ಕೊಳ್ಬೇಡಿ, ನಿಜದ್ದಾದ್ರೆ ಜೈಲು, ಸುಳ್ಳಾದ್ರೆ ದುಡ್ಡು ದಂಡ.

ಬೆಳ್ಳಿ ತಾಯಿತ, ಕಡಗ ಕರಗಿಸ್ಬೇಡಿ. ಅಂಗಡೀಲಿ ಹಳೇ ಬೆಳ್ಳಿ ಅಂತ ಸವಕಳಿ ಹಿಡಿದು ಸಿಗೋದು ಅಲ್ಪ ದುಡ್ಡು. ತೊಳೆಯೋಕೆ ಹುಣಸೆಹಣ್ಣು, ಸೀಗೇಪುಡಿ, ಮೆತ್ತನೆ ಬಟ್ಟೆ ಸಾಕು. ಒಳಗೆ ಅರಗು ತುಂಬಿದ್ದನ್ನ ಬಿಸಿನೀರಲ್ಲಿ ಹಾಕ್ಬೇಡಿ, ಕರಗಿ ಹೊರಗೆ ಬರ್ತದೆ. ಕೂಸಿನ ಕೊರಳಿಗೆ ರಾತ್ರಿ ಹೊತ್ತು ಯಾವ ದಾರವೂ ಬೇಡ, ಬಿಗಿದ್ರೆ ಉಸಿರಿಗೆ ತೊಂದ್ರೆ. ಬಜೆ ಬಳೆ ಹಾಕಿ, ಅದನ್ನ ಬಾಯಿಗೆ ಹಾಕದ ಹಂಗೆ ನೋಡ್ಕೊಳಿ. ತೇದು ನೆಕ್ಕಿಸೋದು ಬೇಡ ಅಂತ ಡಾಕ್ಟ್ರುಗಳು ಹೇಳ್ತಾರೆ, ಅವ್ರ ಮಾತು ಕೇಳಿ. ಲಸಿಕೆ ಕಾರ್ಡು ಮಾತ್ರ ಒಂದು ದಿನವೂ ತಪ್ಪಿಸ್ಬೇಡಿ. ನಮ್ ಅಜ್ಜಿಗೆ ಆ ಕಾರ್ಡು ಸಿಕ್ಕಿದ್ರೆ ಅದನ್ನೇ ಬೆಳ್ಳೀಲಿ ಕಟ್ಟಿಸಿ ಕೊರಳಿಗೆ ಹಾಕ್ತಿದ್ರು.

ನಿಮ್ ಮನೆಗಳಲ್ಲಿ ಏನೇನಿತ್ತು, ಯಾರ್ಯಾರು ಹಾಕಿದ್ರು ಅಂತ ಅತ್ತೆಯಂದಿರನ್ನ, ದೊಡ್ಡಮ್ಮಂದಿರನ್ನ ಕೇಳಿ ಬರೆದಿಡಿ. ಅವ್ರು ಇರೋವಾಗಲೇ ಕೇಳಿ.